ಲೋನಾವಳಾದಿಂದ ಕರ್ಜತ್‌ಗೆ ವರಪರೀಕ್ಷೆ

ನಮ್ಮ ಮನೆಯಲ್ಲಿ ಈರುಳ್ಳಿ ತುಂಬಿಡುವ ಚೀಲವೊಂದಿದೆ. ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿರುತ್ತದೆ. ಹಸಿರು ಕ್ಯಾನ್ವಾಸಿನದು ಎಂದು ನಾನು ಹೇಳಿದರೆ ನೀವು ನಂಬಬೇಕು, ಕಣ್ಣಿನಿಂದ ನೋಡಿ ನಂಬುವ ಹಾಗಿಲ್ಲ. ಹೆಗಲಿಗೆ ಹಾಕುವ ಎರಡು ಪಟ್ಟಿ, ಮೂರು ಬಕಲ್; ಅವುಗಳಲ್ಲಿ ಒಂದು ಮಾತ್ರ ಇನ್ನೂ ಸೇವೆಯಲ್ಲಿದೆ. ಮೊನ್ನೆ ಪಕ್ಕದ ಫ್ಲ್ಯಾಟಿನ ಕಾಲೇಜು ಹುಡುಗಿ ಸಕ್ಕರೆ ಕೇಳಲು ಬಂದವಳು ಅದನ್ನು ಕಂಡು ನಿಂತುಬಿಟ್ಟಳು.

"ಅಂಕಲ್, ಇದು ಅಸಲೀ ಆರ್ಮಿದು ಅಲ್ವಾ? ನೀವು ಟ್ರೆಕಿಂಗ್ ಮಾಡ್ತಿದ್ರಾ?"

"ಮಾಡ್ತಿದ್ದೆ" ಎಂದೆ, ಹಿಮಾಲಯದಿಂದ ಈಗಷ್ಟೇ ಇಳಿದವನ ಗಾಂಭೀರ್ಯದಲ್ಲಿ. ಹುಡುಗಿಯ ಕಣ್ಣಲ್ಲಿ ನನ್ನ ತೂಕ ಏರುವುದು ಸ್ಪಷ್ಟವಾಗಿ ಕಂಡಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಯಾರೋ ಕೆಮ್ಮಿದರು. ಅದು ಶೀತದ ಕೆಮ್ಮಲ್ಲ. ಅದರ ಅರ್ಥ ಬಲ್ಲವನು ನಾನೊಬ್ಬನೇ ಆದ್ದರಿಂದ ಸಕ್ಕರೆ ಕೊಟ್ಟು ಹುಡುಗಿಯನ್ನು ಬೇಗ ಕಳಿಸಿದೆ. ನಿಮಗಾದರೆ ನಿಜವನ್ನೇ ಹೇಳುತ್ತೇನೆ. ನೀವು ನನ್ನ ನೆರೆಯವರಲ್ಲ.

ನಾನು ಗದಗಿನವನು. ನನ್ನ ಬಾಲ್ಯದಲ್ಲಿ ನನಗೆ ಗೊತ್ತಿದ್ದ ಅತಿ ಎತ್ತರದ ವಸ್ತುವೆಂದರೆ ಹತ್ತಿಯ ಜಿನ್ನಿಂಗ್ ಕಾರ್ಖಾನೆಯ ಚಿಮಣಿ. ಗುಡ್ಡ ಇರಲಿಲ್ಲವೆಂದಲ್ಲ. ದಕ್ಷಿಣಕ್ಕೆ ಕಪ್ಪತ್ತಗುಡ್ಡ ಇತ್ತು, ಈಗಲೂ ಇದೆ. ಆದರೆ ನಮ್ಮ ಮಾಳಿಗೆಯಿಂದ ಅದು ಪಾಟಿಯ ಮೇಲೆ ಯಾರೋ ಎಳೆದು ಅರ್ಧ ಒರೆಸಿದ ಗೆರೆಯ ಹಾಗೆ ಕಾಣುತ್ತಿತ್ತು. ಅಜ್ಜಿ ಹಪ್ಪಳ ಒಣಹಾಕುವ ಮೊದಲು ಅದನ್ನೊಮ್ಮೆ ನೋಡುತ್ತಿದ್ದಳು. ಗೆರೆ ದಪ್ಪಗಾಗಿ ಹತ್ತಿರ ಬಂದಂತೆ ಕಂಡರೆ ಮಳೆ. ಆ ದಿನ ಹಪ್ಪಳ ಇಲ್ಲ. ದೇವರು ಗುಡ್ಡಗಳನ್ನು ಮಾಡಿದ್ದು ಹಪ್ಪಳದ ಸಲುವಾಗಿಯೇ ಎಂದು ನಾನು ಬಹಳ ದಿನ ತಿಳಿದಿದ್ದೆ. ಅವುಗಳನ್ನು ಹತ್ತುವ ವಿಚಾರ ನಮ್ಮ ಮನೆತನದಲ್ಲಿ ಯಾರ ತಲೆಗೂ ಬಂದಿರಲಿಲ್ಲ. ನಮ್ಮಪ್ಪ ಮಾಳಿಗೆ ಹತ್ತುವುದಕ್ಕೂ ಕಾರಣ ಕೇಳುತ್ತಿದ್ದ.

ಇಂಥವನು ಅರವತ್ತೆಂಟನೇ ಇಸವಿಯಲ್ಲಿ ಮುಂಬಯಿಗೆ ಬಂದು ಫೋರ್ಟಿನ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಮಾಟುಂಗದಲ್ಲಿ ನಾಲ್ವರು ಬ್ರಹ್ಮಚಾರಿಗಳು ಹಂಚಿಕೊಂಡ ಒಂದು ಕೋಣೆ. ಮಂಚ ಎರಡೇ ಇದ್ದದ್ದರಿಂದ ಅವು ಪಾಳಿಯ ಪ್ರಕಾರ. ಊಟ ಕೆಳಗಿನ ಉಡುಪಿ ಹೋಟೆಲಿನಲ್ಲಿ. ವಯಸ್ಸು ಇಪ್ಪತ್ತೆಂಟಾಗಿತ್ತು, ಮೂರು ಕಡೆ ಹೆಣ್ಣು ನೋಡಿಯಾಗಿತ್ತು. ಮೂರೂ ಕಡೆ "ಹುಡುಗ ಇರೂದು ಎಲ್ಲಿ?" ಎಂಬ ಪ್ರಶ್ನೆ ಬಂದೊಡನೆ ಉಪ್ಪಿಟ್ಟು ಮುಗಿಯುವ ಮೊದಲೇ ಸಂಬಂಧ ಮುಗಿದಿತ್ತು. ಅರ್ಧ ಮಂಚದ ಮೇಲೆ ಮಗಳನ್ನು ಕೂಡಿಸಲು ಯಾವ ತಂದೆ ಒಪ್ಪುತ್ತಾನೆ?

ಹೀಗಿರುವಾಗ ಒಂದು ಶನಿವಾರ ಮಧ್ಯಾಹ್ನ ಹೋಟೆಲಿನಲ್ಲಿ ನನ್ನ ಮುಂದಿನ ಮೇಜಿಗೆ ಕೂತಿದ್ದ ಹುಡುಗಿಯೊಬ್ಬಳು ಸಾಂಬಾರಿನ ಬಟ್ಟಲನ್ನು ಎತ್ತಿಕೊಂಡು ನೇರ ಗಲ್ಲಾದ ಹತ್ತಿರ ಹೋದಳು. ಅಲ್ಲಿ ಕೂತಿದ್ದ ಮ್ಯಾನೇಜರ್ ಭಟ್ಟರ ಮುಂದೆ ಅದನ್ನಿಟ್ಟು "ಇದು ನಿನ್ನೇದು" ಎಂದಳು. ದನಿ ಏರಿಸಲಿಲ್ಲ. ಭಟ್ಟರು ಇವತ್ತಿನದೇ ಎಂದರು. "ಹಾಗಾದ್ರೆ ನೀವೇ ಕುಡೀರಿ" ಎಂದು ಕೈಕಟ್ಟಿ ನಿಂತಳು. ಭಟ್ಟರು ಬಟ್ಟಲನ್ನು ನೋಡಿದರು, ಅವಳನ್ನು ನೋಡಿದರು, ಕುಡಿಯಲಿಲ್ಲ. ಒಳಗಿನಿಂದ ಬೇರೆ ಬಟ್ಟಲು ಬಂತು. ನಾಲ್ಕು ವರ್ಷದಿಂದ ನಿನ್ನೆಯ ಸಾಂಬಾರನ್ನು ತುಟಿಪಿಟಕ್ಕೆನ್ನದೆ ಉಣ್ಣುತ್ತ ಬಂದ ನಾನು ಕೈ ಒಣಗುವವರೆಗೂ ಹಾಗೇ ಕೂತಿದ್ದೆ.

ಭಟ್ಟರು ಇದನ್ನು ಗಮನಿಸಿದ್ದರು. ಅವರಿಗೆ ಸಾಂಬಾರಿನ ವಾಸನೆ ತಿಳಿಯದಿದ್ದರೂ ಮನುಷ್ಯರ ವಾಸನೆ ಚೆನ್ನಾಗಿ ತಿಳಿಯುತ್ತಿತ್ತು.

"ಅಂಧೇರಿಯ ಸುಬ್ಬರಾಯರ ಮಗಳು, ವತ್ಸಲಾ. ಬ್ಯಾಂಕಿನಲ್ಲಿ ಕೆಲಸ ಉಂಟು" ಎಂದರು ಮರುದಿನ. "ತಾಯಿ ತೀರಿಕೊಂಡು ಏಳೆಂಟು ವರ್ಷ ಆಯ್ತು. ತಂದೆ ಒಳ್ಳೆ ಮನುಷ್ಯ. ಆದ್ರೆ ಸ್ವಲ್ಪ ನಡೀತಾರೆ ಮಾರಾಯ್ರೆ."

"ನಡೀತಾರ ಅಂದ್ರ?"

"ನಡೀತಾರೆ ಅಂದ್ರೆ ನಡೀತಾರೆ. ಗುಡ್ಡ ಕಂಡ್ರೆ ಬಿಡುವುದಿಲ್ಲ. ಮಗಳಿಗೆ ಬಂದ ಹುಡುಗನನ್ನೂ ನಡೆಸಿ ನೋಡ್ತಾರೆ. ಗುಡ್ಡದ ಮೇಲೆ ಗಂಡಸಿನ ಬಂಡವಾಳ ಗೊತ್ತಾಗ್ತದಂತೆ. ನಿಮ್ಮ ವಿಷಯ ನಾನು ಹೇಳಿಯಾಗಿದೆ. ಬಂದ್ ಆದ ದಿನ ಫೋರ್ಟಿನಿಂದ ಮಾಟುಂಗಕ್ಕೆ ನಡೆದೇ ಬಂದವರಲ್ವಾ ನೀವು?"

ನಾನು ಭಾಯಖಳಾದವರೆಗೆ ನಡೆದಿದ್ದೆ. ಅಲ್ಲಿಂದ ಮುಂದೆ ಟೊಮ್ಯಾಟೊ ಲಾರಿಯ ಹಿಂದೆ ಕೂತು ಬಂದಿದ್ದೆ. ಆದರೆ ಈ ವಿವರವನ್ನು ಕೊಡುವ ಸಮಯ ಇದಲ್ಲ ಎನ್ನಿಸಿತು. ಅಷ್ಟೇ ಅಲ್ಲ, "ಊರಾಗ ಇದ್ದಾಗ ಕಪ್ಪತ್ತಗುಡ್ಡಾ ಏರಿ ಇಳೀತಿದ್ದೆ ಅಂತನೂ ಹೇಳ್ರಿ" ಎಂದು ನಾನಾಗಿಯೇ ಸೇರಿಸಿದೆ. ಪ್ರೀತಿ ಮನುಷ್ಯನನ್ನು ಉದಾತ್ತನನ್ನಾಗಿ ಮಾಡುತ್ತದೆ ಎನ್ನುವವರು ಈ ಭಾಗವನ್ನು ಮತ್ತೊಮ್ಮೆ ಓದಬಹುದು.

ವಾರದಲ್ಲಿ ಸುಬ್ಬರಾಯರ ಕಾರ್ಡು ಬಂತು. ಗಿರಣಿಯೊಂದರ ನಕ್ಷೆ ವಿಭಾಗದಲ್ಲಿ ಕೆಲಸ ಮಾಡುವವರಾದ್ದರಿಂದ ಅಕ್ಷರಗಳು ಸ್ಕೇಲು ಹಿಡಿದು ಬರೆದಂತಿದ್ದವು. ಪಿತೃಗಳ ಪಕ್ಷಮಾಸವಾದ್ದರಿಂದ ಹೆಣ್ಣು ನೋಡುವ ಶಾಸ್ತ್ರ ಸಲ್ಲದು, ಆದರೆ ನಡೆಯಲು ಅಡ್ಡಿಯಿಲ್ಲ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ದಾದರ್, ಪುಣೆಯ ಗಾಡಿ. ಲೋನಾವಳಾದಲ್ಲಿ ಇಳಿದು ರಾಜಮಾಚಿ ಕೋಟೆಯ ಮೇಲೆ ಹಾದು ಕೆಳಗೆ ಕರ್ಜತ್. ಸುಮಾರು ಇಪ್ಪತ್ತು ಮೈಲಿ. ಬೆನ್ನಿಗೆ ಚೀಲ, ಕಾಲಿಗೆ ಗಟ್ಟಿ ಶೂ ಇರಲಿ.

ಚೀಲ ಚೋರ್ ಬಜಾರಿನಲ್ಲಿ ಸಿಕ್ಕಿತು. ಯಾವ ಸೈನಿಕ ಯಾವ ಯುದ್ಧಕ್ಕೆ ಹೊತ್ತದ್ದೋ, ಒಳಗೆ ಒಂದು ಗುಂಡಿ ಮತ್ತು ಅರ್ಧ ಬಾಚಣಿಗೆ ಇತ್ತು. ಶೂ ಮಾತ್ರ ನನ್ನ ಅಳತೆಯದು ಇರಲಿಲ್ಲ. "ಚಲ್ನೇ ಸೇ ಢೀಲಾ ಹೋ ಜಾಯೇಗಾ" ಎಂದು ಅಂಗಡಿಯವ ಒಂದು ನಂಬರ್ ಕಡಿಮೆಯದನ್ನೇ ಹಾಕಿಸಿ ಕಳಿಸಿದ. ಸಡಿಲವಾಗುವುದು ಶೂ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಅವನು ಹೇಳಿದ್ದು ನನ್ನ ವಿಷಯ.

ದಾದರ್ ಪ್ಲಾಟ್‌ಫಾರ್ಮಿನ ಮೇಲೆ ಸುಬ್ಬರಾಯರು ನನಗಿಂತ ಮೊದಲೇ ನಿಂತಿದ್ದರು. ಐವತ್ತೈದರ ಗಟ್ಟಿ ಆಸಾಮಿ. ಖಾಕಿ ಚಡ್ಡಿ, ಮೊಣಕಾಲಿನವರೆಗೆ ಉಣ್ಣೆಯ ಕಾಲುಚೀಲ, ತಲೆಗೆ ಹ್ಯಾಟು, ಹ್ಯಾಟಿನ ಕೆಳಗೆ ಅಚ್ಚುಕಟ್ಟಾದ ನಾಮ. ಅವರ ಪಕ್ಕದಲ್ಲಿ ಸಲ್ವಾರ್ ಕಮೀಜು ತೊಟ್ಟು, ಸವೆದ ಕ್ಯಾನ್ವಾಸ್ ಶೂ ಹಾಕಿ, ಬೆನ್ನಿಗೆ ಚೀಲ ಏರಿಸಿಕೊಂಡು ವತ್ಸಲಾ. ಅವಳು ನನ್ನನ್ನು ನೋಡಿದಳು. ಶೂ ನೋಡಿದಳು. ಮತ್ತೆ ನನ್ನ ಮುಖ ನೋಡಿದಳು.

ರಾಯರು ನನ್ನ ಚೀಲವನ್ನು ಒಂದು ಬೆರಳಿನಿಂದ ಎತ್ತಿದರು. "ಹಗುರ ಉಂಟು. ಒಳಗೆ ಏನು?"

"ಒಂದು ಅಂಗಿ, ಟವೆಲ್ಲು, ಚುರುಮುರಿ ರೀ."

"ಸಾಲದು" ಎಂದು ತಮ್ಮ ಚೀಲದಿಂದ ಹಿತ್ತಾಳೆಯ ಸ್ಟೋವು, ಸೀಮೆಎಣ್ಣೆಯ ಬಾಟಲಿ, ಪಾತ್ರೆ, ಎರಡು ಸೇರು ಅಕ್ಕಿ ತೆಗೆದು ನನ್ನ ಚೀಲಕ್ಕೆ ತುಂಬಿದರು. "ಗುಡ್ಡದ ಮೇಲೆ ಬಿಸಿ ಅನ್ನ ಉಣ್ಣಬೇಕು. ಅದರ ಸುಖವೇ ಬೇರೆ." ಆ ಸುಖವನ್ನು ಹೊತ್ತು ನಾನು ಗಾಡಿ ಹತ್ತಿದೆ.

ಲೋನಾವಳಾದಲ್ಲಿ ಇಳಿದಾಗ ತುಂತುರು ಹನಿಯುತ್ತಿತ್ತು. ರಾಯರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು "8.50. ತುಂತುರು. ಗಾಳಿ ಪಶ್ಚಿಮದಿಂದ" ಎಂದು ಬರೆದುಕೊಂಡರು. ಊರು ದಾಟುವಷ್ಟರಲ್ಲಿ ಬಿಸಿಲು ಬಂತು. "9.30. ಬಿಸಿಲು." ಒಂದು ಹಳ್ಳ ದಾಟಿದೆವು, ಮೋಡ. "10.05. ಮೋಡ." ಆಕಾಶಕ್ಕೆ ಇಷ್ಟು ಮನಸ್ಸುಗಳಿರಬಹುದೆಂದು ಗದಗಿನವನಿಗೆ ಗೊತ್ತೇ ಇರಲಿಲ್ಲ. ನಮ್ಮಲ್ಲಿ ಆಕಾಶ ಒಂದು ನಿರ್ಧಾರ ಮಾಡಿದರೆ ಮೂರು ತಿಂಗಳು ಅದಕ್ಕೆ ಬದ್ಧವಾಗಿರುತ್ತದೆ.

ಸುಬ್ಬರಾಯರು ನಡೆಯುತ್ತಿರಲಿಲ್ಲ, ನೆಲವೇ ಅವರ ಕಾಲ ಕೆಳಗೆ ಹಿಂದಕ್ಕೆ ಓಡುತ್ತಿತ್ತು. ಅವರ ಹಿಂದೆ ವತ್ಸಲಾ, ಅವಳ ಹಿಂದೆ ಸಾಕಷ್ಟು ಖಾಲಿ ಜಾಗ, ಆಮೇಲೆ ನಾನು. ಸಹ್ಯಾದ್ರಿಯ ಸೌಂದರ್ಯದ ಬಗ್ಗೆ ನೀವು ಕೇಳಬಹುದು. ಇತ್ತು. ಎದೆಮಟ್ಟದ ಹುಲ್ಲು, ಅದರ ತುಂಬ ಹಳದಿ ಹೂವು, ದೂರದ ಕಪ್ಪು ಬಂಡೆಗಳಿಂದ ಇಳಿಯುವ ಬಿಳಿ ನೀರು. ಆದರೆ ಅದನ್ನೆಲ್ಲ ನೋಡಲು ತಲೆ ಎತ್ತಬೇಕು, ತಲೆ ಎತ್ತಿದರೆ ಕಾಲು ಜಾರುತ್ತದೆ. ಹೀಗಾಗಿ ಸಹ್ಯಾದ್ರಿಯಲ್ಲಿ ನನಗೆ ನಿಕಟ ಪರಿಚಯವಿರುವುದು ನನ್ನ ಎರಡು ಶೂಗಳ ನಡುವಿನ ಒಂದು ಅಡಿ ಕೆಸರು ಮಾತ್ರ. ಹತ್ತೂವರೆಗೆ ಎಡ ಹಿಮ್ಮಡಿಯ ಗುಳ್ಳೆ ಒಡೆಯಿತು. ಹನ್ನೊಂದಕ್ಕೆ ಬಲಗಾಲಿನದು. ಹನ್ನೊಂದೂಕಾಲಿಗೆ ಯಾವ ಕಾಲು ಯಾವುದೆಂಬ ಭೇದ ಹೋಯಿತು.

ಒಂದು ಬಂಡೆಯ ಮರೆಯಲ್ಲಿ ರಾಯರು ಅಡಿಗೆಗೆ ನಿಂತರು. ಚೀಲ ಬಿಚ್ಚಿದರೆ ಸೀಮೆಎಣ್ಣೆಯ ಬಾಟಲಿಯ ಬಿರಡೆ ಸಡಿಲವಾಗಿ ಎಣ್ಣೆಯೆಲ್ಲ ಅಕ್ಕಿಗೆ ಇಳಿದಿತ್ತು. ರಾಯರು ಅಕ್ಕಿಯನ್ನು ಮೂಸಿ, ನನ್ನನ್ನು ನೋಡಿ, ಪುಸ್ತಕದಲ್ಲಿ ಏನೋ ಬರೆದರು. ಅದು ಹವೆಯ ವಿಷಯವಲ್ಲ ಎಂದು ನನಗೆ ಅನುಮಾನ.

ಚುರುಮುರಿ ಟವೆಲ್ಲಿನಲ್ಲಿ ಸುತ್ತಿದ್ದರಿಂದ ಬಚಾವಾಗಿತ್ತು. ಹಸಿಮೆಣಸಿನಕಾಯಿ, ಪುಠಾಣಿ ಹಿಟ್ಟು, ಒಂದು ಉಳ್ಳಾಗಡ್ಡಿ. ಬಂಡೆಯ ಮೇಲೆ ಕಲಸಿ ಕೊಟ್ಟೆ. ರಾಯರು ಔಷಧಿಯಂತೆ ತಿಂದರು. ವತ್ಸಲಾ ಮಾತ್ರ ಎರಡನೇ ಸಲ ಕೈಯೊಡ್ಡಿ "ಇದು ಮಸ್ತ್ ಇದೆ" ಎಂದಳು. ಅವತ್ತು ಅವಳು ನನಗೆ ಹೇಳಿದ ಮೊದಲ ಮಾತು ಅದು. ಹಿಮ್ಮಡಿಯ ಉರಿ ಒಂದು ಫರ್ಲಾಂಗಿನವರೆಗೆ ಮಾಯವಾಯಿತು.

ಆಮೇಲೆ ಮಂಜು ಬಂತು. ಬಂತು ಎನ್ನುವುದಕ್ಕಿಂತ ಯಾರೋ ಒದ್ದೆ ಧೋತರವನ್ನು ತಲೆಯ ಮೇಲೆ ಎಸೆದ ಹಾಗಾಯಿತು. ಹತ್ತು ಹೆಜ್ಜೆ ಮುಂದಿದ್ದ ರಾಯರ ಹ್ಯಾಟು ಮೊದಲು ಬೂದು ಬಣ್ಣವಾಯಿತು, ಆಮೇಲೆ ಇಲ್ಲವಾಯಿತು. ಅವರ ದನಿ ಮಾತ್ರ "12.20. ಮಂಜು" ಎಂದದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ವತ್ಸಲಾ ನನಗಾಗಿ ನಿಂತಿದ್ದಳು.

"ಸಚ್ ಹೇಳಿ" ಎಂದಳು. "ನೀವು ಈ ಮೊದಲು ಎಂದಾದ್ರೂ ಗುಡ್ಡ ಹತ್ತಿದ್ದೀರಾ?"

"ಇಲ್ರಿ."

"ನಂಗೆ ಆಗ್ಲೇ ಗೊತ್ತಾಯ್ತು. ಲೋನಾವಳಾ ಸ್ಟೇಶನ್ನಿನ ಬ್ರಿಡ್ಜ್ ಹತ್ತುವಾಗ."

ನಾವು ನಡೆಯುತ್ತಿದ್ದೆವು, ಅಥವಾ ಅವಳು ನಡೆಯುತ್ತಿದ್ದಳು, ನಾನು ಆ ದಿಕ್ಕಿಗೆ ಬೀಳುತ್ತಿದ್ದೆ. ನನಗಿಂತ ಮೊದಲು ಇಬ್ಬರು ಬಂದಿದ್ದರಂತೆ. ಒಬ್ಬ ಮೊದಲನೇ ಹಳ್ಳ ನೋಡಿಯೇ ಬಸ್ಸಿಗೆ ವಾಪಸಾದ. ಇನ್ನೊಬ್ಬ ಇಪ್ಪತ್ತು ಮೈಲಿಯನ್ನೂ ಕುದುರೆಯ ಹಾಗೆ ನಡೆದ. ರಾಯರಿಗೆ ಬಹಳ ಹಿಡಿಸಿದ್ದ.

"ಮತ್ತ?"

"ಪ್ರತಿ ಹತ್ತು ನಿಮಿಷಕ್ಕೆ ನಿಂತು ತನ್ನ ನಾಡಿ ನೋಡ್ಕೊಂಡು ನಂಬರ್ ಹೇಳ್ತಿದ್ದ. ನಾನು ನಹೀ ಅಂದೆ. ಪಪ್ಪ ಒಂದು ವಾರ ಮಾತಾಡ್ಲಿಲ್ಲ." ಸ್ವಲ್ಪ ದೂರ ಹೋದ ಮೇಲೆ ಅವಳೇ ಮುಂದುವರಿಸಿದಳು. "ಪಪ್ಪ ಮೊದ್ಲು ಹೀಗೆ ಇರ್ಲಿಲ್ಲ. ಅಮ್ಮ ಹೋದ ಮೇಲೆ ಭಾನುವಾರ ಮನೇಲಿ ಕೂಡೋಕೆ ಆಗ್ತಿರ್ಲಿಲ್ಲ ಅವ್ರಿಗೆ. ಬಾಕಿ ದಿನ ಆಫೀಸ್ ಇರ್ತದೆ. ಭಾನುವಾರ ಬಂತಂದ್ರೆ ಶೂ ಹಾಕ್ಕೊಂಡು ಹೊರಗೆ. ಒಬ್ರನ್ನೇ ಹೇಗೆ ಬಿಡೋದು? ನಾನೂ ಜೊತೆಗೆ. ಎಂಟು ವರ್ಷ ಆಯ್ತು. ನನಗೆ ಗುಡ್ಡ ಅಂದ್ರೆ ಆಗೋದೇ ಇಲ್ಲ."

ಇದನ್ನು ಅವಳು ರೈಲು ತಡವಾಗಿದೆ ಎನ್ನುವ ಧಾಟಿಯಲ್ಲಿ ಹೇಳಿದಳು. ನಾನು "ಹೌದೇನ್ರಿ" ಎಂದೆ. ಅಷ್ಟರಲ್ಲಿ ಮಳೆ ಧೋ ಎಂದು ಸುರಿಯತೊಡಗಿತು. ಹವೆ ಬದಲಾದರೂ ರಾಯರ ದನಿಯಿಂದ ಹೊತ್ತು ಮತ್ತು ಮಳೆಯ ವರದಿ ಬರಲಿಲ್ಲ. ಇಬ್ಬರಿಗೂ ಅದು ಒಟ್ಟಿಗೇ ಹೊಳೆಯಿತು. ವತ್ಸಲಾ ನಿಂತಳು.

"ಪಪ್ಪಾ" ಎಂದು ಕರೆದಳು. ಉತ್ತರವಿಲ್ಲ. ನಾನು "ರಾಯರ" ಎಂದು ಕರೆದೆ. ನನ್ನ ದನಿ ಮಂಜಿಗೆ ತಾಗಿ ನನಗೇ ವಾಪಸು ಬಂತು. ಎಡಕ್ಕೆ ಎಲ್ಲೋ ಇಳಿಜಾರು ಇದೆ ಎಂದು ನೀರಿನ ಸದ್ದಿನಿಂದ ತಿಳಿಯುತ್ತಿತ್ತು, ಎಷ್ಟು ಆಳವೆಂದು ತಿಳಿಯುತ್ತಿರಲಿಲ್ಲ. ಇಡೀ ದಿನ ಕಲ್ಲಿನ ಹಾಗಿದ್ದ ಹುಡುಗಿಯ ಮುಖ ಆಗ ಬದಲಾಯಿತು. ಅವಳು ದಾರಿ ಬಿಟ್ಟು ಇಳಿಜಾರಿನ ಕಡೆ ಹೊರಟಳು. ನಾನು ಅವಳ ಚೀಲದ ಪಟ್ಟಿ ಹಿಡಿದು ನಿಲ್ಲಿಸಿದೆ. "ನೀವ್ ಇಲ್ಲೇ ನಿಂತು ಕರೀತಾ ಇರ್ರಿ. ನಾ ನಿಮ್ಮ ದನಿ ಕೇಳೂತನಕಾ ಹೋಗಿ ನೋಡ್ತೀನಿ" ಎಂದೆ. ಧೈರ್ಯದ ಮಾತಲ್ಲ ಇದು. ಇಬ್ಬರೂ ಹೋದರೆ ಇಬ್ಬರೂ ಕಳೆದುಹೋಗುತ್ತೇವೆ ಎಂಬ ಗುಮಾಸ್ತನ ಲೆಕ್ಕ.

ಶೂ ಕಳಚಿ ಕೈಯಲ್ಲಿ ಹಿಡಿದೆ. ಬರಿಗಾಲಿಗೆ ಕೆಸರು ತಾಗಿದಾಗ ಆದ ಸುಖವನ್ನು ವರ್ಣಿಸುವ ಸಂದರ್ಭ ಇದಲ್ಲ, ಆದರೂ ಆಯಿತು. ಹಿಂದಿನಿಂದ "ಪಪ್ಪಾ" ಎಂಬ ಕೂಗು ಬರುತ್ತಿತ್ತು, ಮುಂದೆ ಬೂದು. ನಲವತ್ತು ಹೆಜ್ಜೆ ಹೋಗಿರಬೇಕು. ನನ್ನ ಕಾಲಿಗೆ ಮೆತ್ತಗೆ ಏನೋ ತಾಗಿತು. ರಾಯರ ಹ್ಯಾಟು.

ರಾಯರು ಹ್ಯಾಟಿನಿಂದ ಎರಡು ಮಾರು ಕೆಳಗೆ, ಒಂದು ಪೊದೆಗೆ ಒರಗಿ ಮಳೆಯಲ್ಲಿ ಕೂತಿದ್ದರು. ಎಡ ಪಾದ ತನ್ನ ದಿಕ್ಕು ಬಿಟ್ಟು ಬೇರೆ ದಿಕ್ಕಿಗೆ ನೋಡುತ್ತಿತ್ತು.

"ರಾಯರ, ಕೂಗಬಾರದೇನ್ರಿ? ಅವ್ರು ಅಲ್ಲೆ ಜೀವಾ ಬಿಡಾಕತ್ತಾರ."

"ಕೂಗುವ ಅಗತ್ಯ ಕಾಣಲಿಲ್ಲ" ಎಂದರು ಸುಬ್ಬರಾಯರು. ಹಲ್ಲು ಕಚ್ಚಿದ್ದರಿಂದ ಮಾತು ಚಪ್ಪಟೆಯಾಗಿ ಬಂತು. "ಸ್ವಲ್ಪ ಹವೆ ನೋಡುತ್ತಾ ಕೂತಿದ್ದೇನೆ."

ಪುಟ್ಟ ಪುಸ್ತಕ ಎಲ್ಲಿ ಹೋಯಿತೋ, ಅದನ್ನು ಮತ್ತೆ ಯಾರೂ ಕಾಣಲಿಲ್ಲ. ನನ್ನ ಅಂಕಗಳೂ ಅದರ ಜೊತೆಗೇ ಹೋದವು. ನನ್ನ ಕೂಗು ಕೇಳಿ ವತ್ಸಲಾ ಬಂದು ಅಪ್ಪನ ಪಕ್ಕ ಕೆಸರಿನಲ್ಲಿ ಕೂತು ಅವರ ಹ್ಯಾಟನ್ನು ತಲೆಗೆ ಸರಿಯಾಗಿ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ರಾಯರಿಗೆ ಹಿತವಾಗುತ್ತಿತ್ತು.

ಮಳೆ ನಿಂತು ಮಂಜು ಸ್ವಲ್ಪ ಹರಿದಾಗ ನೋಡಿದರೆ ರಾಜಮಾಚಿಯ ಹಳ್ಳಿ ಅರ್ಧ ಮೈಲಿ ದೂರದಲ್ಲಿತ್ತು. ನಾನು ಓಡಿದೆ ಎಂದು ಬರೆಯಲು ಆಸೆಯಿದೆ. ಕುಂಟಿದೆ. ಹತ್ತಾರು ಮನೆಗಳ ಊರು. ಗಂಡಸರೆಲ್ಲ ಗದ್ದೆಗಳಿಗೆ ಹೋಗಿ, ಇದ್ದವರು ಮೂರೇ ಜನ. ಅವರಲ್ಲಿ ಹಿರಿಯ ಧೋಂಡು ಎಂಬಾತ ನನ್ನ ಹಿಂದಿ-ಮರಾಠಿ-ಧಾರವಾಡದ ಮಿಶ್ರಣವನ್ನು ತಾಳ್ಮೆಯಿಂದ ಕೇಳಿ, ಒಂದು ಬಿದಿರಿನ ಬೊಂಬು, ಒಂದು ಗಟ್ಟಿ ಕಂಬಳಿ ತಂದ. ಕಂಬಳಿಯನ್ನು ತೊಟ್ಟಿಲಿನ ಹಾಗೆ ಬೊಂಬಿಗೆ ಕಟ್ಟಿದರೆ ಡೋಲಿ ಆಯಿತು. ಎರಡು ತುದಿಗೆ ಇಬ್ಬಿಬ್ಬರು, ಒಟ್ಟು ನಾಲ್ಕು ಹೆಗಲು ಬೇಕು.

"ಚೌಥಾ ಕೋಣ್?" ಎಂದು ಕೇಳಿ ಧೋಂಡು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಅವನ ಮುಖದಲ್ಲಿ ಆಸೆ ಬಿಟ್ಟ ಕಳೆ ಬಂತು. ಆದರೆ ಬೇರೆ ಯಾರೂ ಇರಲಿಲ್ಲ.

ಹೀಗೆ, ವರನಾಗಿ ಹೋದ ನಾನು ಹೆಣ್ಣಿನ ತಂದೆಯನ್ನು ಹೆಗಲಮೇಲೆ ಹೊತ್ತು ರಾಜಮಾಚಿಯಿಂದ ಕೆಳಕ್ಕೆ ಇಳಿಯತೊಡಗಿದೆ. ಮುಂದೆ ಇಬ್ಬರು, ಹಿಂದೆ ಧೋಂಡು ಮತ್ತು ನಾನು. ಬಿಸಿಲು ಮತ್ತೆ ಬಂದಿತ್ತು. ಒದ್ದೆ ಬಂಡೆಗಳಿಂದ ಹಬೆ ಏಳುತ್ತಿತ್ತು. ಡೋಲಿಯೊಳಗೆ ಮಲಗಿದ ರಾಯರಿಗೆ ಆಕಾಶ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲವಾದರೂ ಮೇಲ್ವಿಚಾರಣೆಗೆ ಅದು ಅಡ್ಡಿಯಾಗಲಿಲ್ಲ.

"ಹಿಂದೆ ಎಡಗಡೆಯವರು ಕುಂಟುತ್ತಿದ್ದಾರೆ" ಎಂದರು.

"ಅದು ನಾನ್ರಿ."

"ಉಸಿರು ಮೂಗಿನಿಂದ ಬಿಡಿ. ಬಾಯಿಯಿಂದ ಅಲ್ಲ."

"ಪಪ್ಪಾ, ಬಸ್ ಕರೋ" ಎಂದಳು ಹಿಂದಿನಿಂದ ವತ್ಸಲಾ. ಅವಳು ನಮ್ಮ ಮೂವರ ಚೀಲಗಳನ್ನೂ ಹೊತ್ತಿದ್ದಳು, ಜೊತೆಗೆ ನನ್ನ ಶೂಗಳನ್ನೂ.

ಆಮೇಲೆ ಡೋಲಿಯಿಂದ ಪ್ರಶ್ನೆ ಬಂತು. "ಕಪ್ಪತ್ತಗುಡ್ಡ ಎಷ್ಟು ಸಲ ಹತ್ತಿದ್ದು ನೀವು?"

ಮನುಷ್ಯನ ಭಾರ ಹೆಗಲಮೇಲಿದ್ದಾಗ ಸುಳ್ಳಿನ ಭಾರವನ್ನೂ ಹೊರುವುದು ಆಗುವುದಿಲ್ಲ. "ಹತ್ತಿಲ್ರಿ. ಮಾಳಿಗಿ ಮ್ಯಾಲಿಂದ ನೋಡೀನಿ."

ನಾಲ್ಕು ಹೆಜ್ಜೆ ಇಳಿದ ಮೇಲೆ ಎರಡನೇ ಪ್ರಶ್ನೆ. "ಫೋರ್ಟಿನಿಂದ ಮಾಟುಂಗಕ್ಕೆ ನಡೆದು ಬಂದದ್ದು?"

"ಭಾಯಖಳಾತನಕಾ ರೀ. ಆಮ್ಯಾಲೆ ಟೊಮ್ಯಾಟೊ ಲಾರಿ."

ಡೋಲಿ ಅಲುಗಾಡತೊಡಗಿತು. ನೋವಿಗೆ ನರಳುತ್ತಿದ್ದಾರೆಂದು ಧೋಂಡು ಎಲ್ಲರನ್ನೂ ನಿಲ್ಲಿಸಿ ಕೆಳಗಿಳಿಸಿದ. ಕಂಬಳಿ ಸರಿಸಿ ನೋಡಿದರೆ ರಾಯರು ನಗುತ್ತಿದ್ದರು. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬಂದಿತ್ತು. ಕಾಲಿನ ನೋವಿನದೂ ಇರಬಹುದು. ವತ್ಸಲಾ ಅವರನ್ನು ನೋಡುತ್ತಾ ನಿಂತಳು. ಅಪ್ಪ ಹೀಗೆ ನಕ್ಕು ಬಹಳ ವರ್ಷವಾಗಿತ್ತೆಂದು ಆಮೇಲೆ ನನಗೆ ತಿಳಿಯಿತು.

ಅಲ್ಲಿಂದ ಮುಂದಿನ ಇಳಿಜಾರಿನಲ್ಲಿ ನನ್ನ ಕಾಲು ನಿಜವಾಗಿಯೂ ಸೋತವು. ಕಲ್ಲಿನ ಮೇಲೆ ನಾನು ಊರಿದ ಕಡೆಯೆಲ್ಲ ಕೆಂಪು ಗುರುತು ಮೂಡುತ್ತಿತ್ತು. ವತ್ಸಲಾ ಅದನ್ನು ನೋಡಿದವಳೇ ಚೀಲಗಳನ್ನು ನನ್ನ ಕೈಗೆ ತುರುಕಿ, ದುಪಟ್ಟಾ ಸೊಂಟಕ್ಕೆ ಬಿಗಿದು ಬೊಂಬಿಗೆ ಹೆಗಲು ಕೊಟ್ಟಳು.

"ಏಯ್, ಬೇಡ" ಎಂದರು ರಾಯರು ಒಳಗಿನಿಂದ. "ಹೆಣ್ಣುಮಗಳು ಹೆಗಲು ಕೊಡಬಾರದು. ಅದರಲ್ಲೂ ಪಕ್ಷಮಾಸದಲ್ಲಿ."

"ನೀವು ಜೀವಂತ ಇದ್ದೀರಿ ಪಪ್ಪಾ. ಸುಮ್ನೆ ಮಲಗಿ."

ಈ ವಿಷಯದಲ್ಲಿ ಎಲ್ಲರಿಗೂ ಅಷ್ಟು ಖಾತರಿ ಇರಲಿಲ್ಲ. ಗುಡ್ಡದ ಬುಡದ ಹಳ್ಳಿಗೆ ನಾವು ಇಳಿದಾಗ ನಾಲ್ಕು ಗಂಟೆ. ನಾಲ್ವರ ಹೆಗಲಮೇಲೆ ಕಂಬಳಿ ಸುತ್ತಿದ ಉದ್ದನೆಯ ಆಕಾರ, ಹಿಂದೆ ಶೂ ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ಅಳುಮುಖ ಮಾಡಿಕೊಂಡು ಬರುವ ಒಬ್ಬ ಯುವಕ. ಚಹಾದಂಗಡಿಯ ಮುಂದೆ ಕೂತಿದ್ದವರೆಲ್ಲ ಎದ್ದು ನಿಂತರು. ಒಬ್ಬ ಮುದುಕ ಟೋಪಿ ತೆಗೆದು ನನ್ನ ಭುಜ ಮುಟ್ಟಿ "ವಡೀಲ್?" ಎಂದು ಮೆಲ್ಲಗೆ ಕೇಳಿದ. ತಂದೆಯೇ ಎಂದು ಅರ್ಥ. ನಾನು ಇಲ್ಲ ಎನ್ನಲೂ ಹೌದು ಎನ್ನಲೂ ತಿಳಿಯದೆ, ಇನ್ನೂ ನಿಶ್ಚಯವಾಗಿಲ್ಲ ಎನ್ನುವಂತೆ ತಲೆಯಾಡಿಸಿದೆ. ಅವನು ಕೈಮುಗಿದು "ರಾಮ್ ರಾಮ್" ಎನ್ನುವಷ್ಟರಲ್ಲಿ ಕಂಬಳಿಯೊಳಗಿನಿಂದ ಹ್ಯಾಟು ಹಾಕಿದ ತಲೆಯೊಂದು ಎದ್ದು ಕೇಳಿತು:

"ಚಹಾ ಮಿಳೇಲ್ ಕಾ?"

ಮುದುಕ ಮೂರು ಹೆಜ್ಜೆ ಹಿಂದಕ್ಕೆ ಹೋದ. ಚಹಾ ಮಾತ್ರ ತಕ್ಷಣ ಬಂತು. ಅಷ್ಟು ಗೌರವದಿಂದ ಕೊಟ್ಟ ಚಹಾವನ್ನು ನಾನು ಮುಂಬಯಿಯಲ್ಲಿ ಎಂದೂ ಕುಡಿದಿಲ್ಲ.

ಅಲ್ಲಿಂದ ಎತ್ತಿನ ಗಾಡಿ ಸಿಕ್ಕಿತು. ಧೋಂಡು ಬೊಂಬನ್ನು ಹೆಗಲಿಗೇರಿಸಿ, ನನ್ನ ಬೆನ್ನು ತಟ್ಟಿ, ಇಳಿದದ್ದಕ್ಕಿಂತ ವೇಗವಾಗಿ ಗುಡ್ಡ ಹತ್ತಿ ಹೋದ. ನೋಡಿಯೇ ನನಗೆ ಏದುಸಿರು ಬಂತು. ಕರ್ಜತ್‌ನಲ್ಲಿ ಸ್ಟೇಶನ್ನಿನ ಎದುರಿಗಿದ್ದ ಡಾಕ್ಟರರೊಬ್ಬರು ರಾಯರ ಪಾದವನ್ನು ಹಳೆಯ ದಿಕ್ಕಿಗೆ ತಿರುಗಿಸಿ ಪಟ್ಟಿ ಕಟ್ಟುತ್ತಿದ್ದಾಗ ನಾನು ಮತ್ತು ವತ್ಸಲಾ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಮತ್ತೆ ತುಂತುರು. ಕಾಂಪೌಂಡರ್ ಹಚ್ಚಿದ ಔಷಧಿಯಿಂದ ನನ್ನ ಎರಡೂ ಪಾದ ನೇರಳೆ ಬಣ್ಣಕ್ಕೆ ತಿರುಗಿದ್ದವು.

"ನಂಗೊಂದು ಮಾತು ಕೊಡ್ತೀರಾ?" ಎಂದಳು.

"ಏನ್ರಿ?"

"ಇನ್ನು ಮೇಲೆ ಗುಡ್ಡ ಹತ್ತಲ್ಲ ಅಂತ. ಕಭೀ ನಹೀ."

ನನ್ನ ಜೀವಮಾನದಲ್ಲಿ ಅಷ್ಟು ಹೃತ್ಪೂರ್ವಕವಾಗಿ ನಾನು ಯಾವ ಪ್ರಮಾಣವನ್ನೂ ಮಾಡಿಲ್ಲ. ನಮ್ಮ ಕುಲದೇವರ ಮೇಲೆ, ನೇರಳೆ ಪಾದಗಳ ಮೇಲೆ ಆಣೆ ಮಾಡಿ ಹೇಳಿದೆ.

ಅವಳು ಸ್ವಲ್ಪ ಹೊತ್ತು ಮಳೆ ನೋಡಿದಳು. "ಹಾಗಾದ್ರೆ ಚಲೇಗಾ" ಎಂದಳು.

ಇದಕ್ಕಿಂತ ಸ್ಪಷ್ಟವಾದ ನಿಶ್ಚಿತಾರ್ಥವನ್ನು ನಾನು ಕೇಳಿಲ್ಲ. ಅರ್ಧ ಮಂಚದ ಪ್ರಶ್ನೆಯನ್ನು ಅವಳು ಎತ್ತಲೇ ಇಲ್ಲ.

ಆರು ಗಂಟೆಯ ಗಾಡಿಯಲ್ಲಿ ರಾಯರನ್ನು ಕಿಟಕಿಯ ಹತ್ತಿರ ಕೂಡಿಸಿ, ಪಟ್ಟಿ ಕಟ್ಟಿದ ಕಾಲನ್ನು ಎದುರು ಸೀಟಿನಲ್ಲಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ನನ್ನ ಪಕ್ಕದಲ್ಲಿ, ಆಚೆಯ ಕಿಟಕಿಗೆ ವತ್ಸಲಾ. ಹೊರಗೆ ನಾವು ಇಳಿದುಬಂದ ಗುಡ್ಡಗಳ ಸಾಲು ಮಳೆ ತೊಳೆದು ಹತ್ತಿರ ಬಂದು ನಿಂತಿತ್ತು. ರಾಯರು ಅದನ್ನು ನೋಡುತ್ತಿದ್ದರು. ಹ್ಯಾಟು ಇಲ್ಲದ ಅವರ ತಲೆ ಚಿಕ್ಕದಾಗಿ, ಸ್ವಲ್ಪ ಬೋಳಾಗಿ, ಯಾವುದೋ ಆಫೀಸಿನ ಯಾರೋ ಮನುಷ್ಯನ ಹಾಗೆ ಕಾಣುತ್ತಿತ್ತು.

"ಡಾಕ್ಟರು ಎರಡು ತಿಂಗಳು ಅಂದರು" ಎಂದರು. ನನಗಲ್ಲ, ಕಿಟಕಿಗೆ. ಆಮೇಲೆ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿ ಎಣಿಸತೊಡಗಿದರು. "ಎಂಟು ಭಾನುವಾರ. ಅಲ್ಲ, ಒಂಬತ್ತು." ಎಣಿಸಿದ ಕೈಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡರು.

ಗಾಡಿ ಬದಲಾಪುರ ದಾಟಿತು. ಗುಡ್ಡಗಳು ಹಿಂದೆ ಬಿದ್ದು, ಕಾರ್ಖಾನೆಗಳ ಗೋಡೆಗಳು, ಒಗೆದ ಬಟ್ಟೆಯ ಸಾಲುಗಳು ಶುರುವಾದವು. ಕಲ್ಯಾಣ ಬರುವಾಗ ರಾಯರು ಗಂಟಲು ಸರಿಮಾಡಿಕೊಂಡರು.

"ಡಿಸೆಂಬರಿನಲ್ಲಿ ಹವೆ ಚಂದ ಇರ್ತದೆ" ಎಂದರು. "ಮಳೆ ಇಲ್ಲ, ಮಂಜು ಇಲ್ಲ. ನಿಧಾನ ಹತ್ತಿದರೆ ಅಂಥ ಕಷ್ಟ ಏನಲ್ಲ."

ಯಾರನ್ನೂ ಕರೆದಿರಲಿಲ್ಲ ಅವರು. ಕರೆದಿದ್ದರೆ ನಾನು ಏನಾದರೂ ನೆಪ ಹುಡುಕುತ್ತಿದ್ದೆ.

"ನಾ ಬರ್ತೀನ್ರಿ" ಎಂದೆ.

ಕುಲದೇವರ ಮೇಲಿನ ಆಣೆ ಕರ್ಜತ್‌ನಿಂದ ಕಲ್ಯಾಣದವರೆಗೆ ಬಾಳಿತ್ತು. ಸುಮಾರು ಒಂದು ತಾಸು. ರಾಯರು ನನ್ನ ಕಡೆ ತಿರುಗದೆ ಎರಡು ಸಲ ತಲೆಯಾಡಿಸಿದರು. ನಾನು ಹೆದರುತ್ತಲೇ ವತ್ಸಲಾಳ ಕಡೆ ನೋಡಿದೆ. ಅವಳು ನನ್ನ ನೇರಳೆ ಪಾದಗಳನ್ನು, ಆಮೇಲೆ ಕಿಟಕಿಗೆ ತಿರುಗಿದ ಅಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು.

"ಹೋಗಿ" ಎಂದಳು. "ಇಬ್ರೂ ಹೋಗಿ. ನಾನು ಮಲಗ್ತೀನಿ."

ಎಂದವಳು ಅಲ್ಲೇ ಕಿಟಕಿಯ ಸರಳಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ದಾದರ್ ಬರುವವರೆಗೂ ಏಳಲಿಲ್ಲ.